ಜನ್ಮದೋಷಗಳೂ ಸಾರ್ವಜನಿಕ ಆರೋಗ್ಯ ಸಂಶೋಧನೆಯೂ

ಗ್ರಹಣದ ದಿನ ಬಸುರಿ ಹೆಂಗಸನ್ನು ಒಳಮನೆಯಲ್ಲಿ ಕುಳ್ಳಿರಿಸಿ ಬಾಗಿಲು ಕಿಟಕಿಗಳನ್ನು ಮುಚ್ಚುವ ವಾಡಿಕೆ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಆ ಹೊತ್ತಿನಲ್ಲಿ ಆಕೆ ಹೊರಗೆ ಬಂದರೆ, ಇಲ್ಲವೆ ಕತ್ತರಿ ಕುಡುಗೋಲುಗಳನ್ನು ಕೈಯಲ್ಲಿ ಹಿಡಿದರೆ, ಹುಟ್ಟುವ ಕೂಸಿನ ತುಟಿ ಸೀಳುವುದೆಂದು ಹಿರಿಯರು ಅಂಜುವರು. ಚಂದ್ರನ ನೆರಳು ಭೂಮಿಯ ಮೇಲೆ ಬೀಳುವುದಕ್ಕೂ ಕೂಸಿನ ತುಟಿಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ಹೇಳಬೇಕಾದುದಿಲ್ಲ. ಆದರೆ ಆ ನಂಬಿಕೆಯನ್ನು ನಕ್ಕು ತಳ್ಳಿಬಿಡುವ ಮೊದಲು ಅದರ ಹಿಂದಿರುವ ಪ್ರಶ್ನೆಯನ್ನು ಗಮನಿಸಬೇಕು. ಒಂಬತ್ತು ತಿಂಗಳು ಕಾದು ಕುಳಿತ ಮನೆಯಲ್ಲಿ ಊನವುಳ್ಳ ಕೂಸೊಂದು ಹುಟ್ಟಿದಾಗ ತಾಯಿತಂದೆಗಳು ಕೇಳುವ ಮೊದಲನೆಯ ಮಾತು “ಹೀಗೇಕಾಯಿತು?” ಎಂಬುದು. ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯದಿದ್ದಲ್ಲಿ ತಪ್ಪು ಉತ್ತರವೊಂದು ಆ ಸ್ಥಳವನ್ನು ತುಂಬುವುದು. ಅದೂ ಬಹುಮಟ್ಟಿಗೆ ತಾಯಿಯ ತಲೆಯ ಮೇಲೆಯೇ ಬಂದು ಕೂರುವುದು.

ಸರಿಯಾದ ಉತ್ತರವನ್ನು ಹುಡುಕುವ ಕೆಲಸ ಒಬ್ಬ ವೈದ್ಯನಿಂದ, ಒಂದು ಆಸ್ಪತ್ರೆಯಿಂದ ಆಗತಕ್ಕದ್ದಲ್ಲ. ಅದಕ್ಕೆ ಸಾವಿರಾರು ಹೆರಿಗೆಗಳ ಲೆಕ್ಕ ಬೇಕು, ಆ ಲೆಕ್ಕಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ ತಾಳ್ಮೆ ಬೇಕು, ಹೋಲಿಕೆಯಿಂದ ಹುಟ್ಟಿದ ಸಂಶಯವನ್ನು ಪರೀಕ್ಷೆಗೆ ಒಡ್ಡುವ ಧೈರ್ಯವೂ ಬೇಕು. ಇದಕ್ಕೆ ಸಾರ್ವಜನಿಕ ಆರೋಗ್ಯ ಸಂಶೋಧನೆ ಎಂದು ಹೆಸರು. ರೋಗಿಯೊಬ್ಬನನ್ನು ಅಲ್ಲ, ಇಡೀ ಜನಸಮುದಾಯವನ್ನೇ ತನ್ನ ರೋಗಿಯೆಂದು ತಿಳಿಯುವುದು ಇದರ ಲಕ್ಷಣ. ಜನ್ಮದೋಷಗಳ ವಿಷಯದಲ್ಲಿ ಈ ಸಂಶೋಧನೆ ಏನನ್ನು ಸಾಧಿಸಿದೆ, ಇನ್ನೇನು ಉಳಿದಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಜನ್ಮದೋಷವೆಂದರೇನು?

ಗರ್ಭದಲ್ಲಿ ಕೂಸು ಬೆಳೆಯುತ್ತಿರುವಾಗಲೇ ಅದರ ಅಂಗರಚನೆಯಲ್ಲಾಗಲಿ ಅಂಗಗಳ ಕಾರ್ಯದಲ್ಲಾಗಲಿ ಉಂಟಾಗುವ ಕೊರತೆಗಳನ್ನು ಜನ್ಮದೋಷಗಳೆಂದು ಕರೆಯುವರು. ಸೀಳುತುಟಿ, ಹೃದಯದ ಗೋಡೆಯಲ್ಲಿ ರಂಧ್ರ, ಸೊಟ್ಟ ಪಾದ, ಹುಟ್ಟುಕಿವುಡು ಇವೆಲ್ಲ ಈ ಗುಂಪಿಗೆ ಸೇರಿದವು. ಪ್ರಪಂಚದಲ್ಲಿ ಹುಟ್ಟುವ ಕೂಸುಗಳಲ್ಲಿ ಶೇಕಡ 6ರಷ್ಟಕ್ಕೆ ಇಂತಹ ಒಂದಿಲ್ಲೊಂದು ದೋಷವಿರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪ್ರತಿ ವರ್ಷ ಸುಮಾರು 2,40,000 ಕೂಸುಗಳು ಈ ಕಾರಣದಿಂದ ಹುಟ್ಟಿದ 28 ದಿನಗಳೊಳಗೆ ಸಾಯುತ್ತವೆಂದೂ ಅದೇ ಸಂಸ್ಥೆ ಲೆಕ್ಕ ಹಾಕಿದೆ.

ಈ ದೋಷಗಳಿಗೆ ಕಾರಣ ಒಂದೇ ಅಲ್ಲ. ಕೆಲವು ವರ್ಣತಂತುಗಳ ಎಣಿಕೆಯಲ್ಲಿಯ ವ್ಯತ್ಯಾಸದಿಂದ ಬರುವುವು. ಡೌನ್ ಸಿಂಡ್ರೋಮಿಗೆ 21ನೆಯ ವರ್ಣತಂತು ಒಂದು ಹೆಚ್ಚಾಗಿರುವುದೇ ಕಾರಣವೆಂದು 1959ರಲ್ಲಿ ತಿಳಿದುಬಂದಿತು. ಕೆಲವು ತಂದೆತಾಯಿಗಳಿಂದ ಬಂದ ಜೀನುಗಳ ದೋಷದಿಂದ ಆಗುವುವು. ಇನ್ನು ಕೆಲವು ತಾಯಿಗೆ ತಗಲಿದ ಸೋಂಕಿನಿಂದ, ಆಕೆ ಸೇವಿಸಿದ ಔಷಧದಿಂದ, ಇಲ್ಲವೆ ಆಕೆಯ ಆಹಾರದಲ್ಲಿ ಇಲ್ಲದ ಪೋಷಕಾಂಶದಿಂದ ಬರುವುವು. ಬಹು ಸಂದರ್ಭಗಳಲ್ಲಿ ಹಲವು ಕಾರಣಗಳು ಕೂಡಿಕೊಂಡಿರುವುದುಂಟು. ಕಾರಣ ತಿಳಿಯದ ದೋಷಗಳೂ ಬಹಳ. ಈ ಕಾರಣಗಳಲ್ಲಿ ಹೊರಗಿನಿಂದ ಬರುವ ಸೋಂಕು, ಔಷಧ, ಆಹಾರ ಇವು ಮೂರು ಸಾರ್ವಜನಿಕ ಆರೋಗ್ಯಕ್ಕೆ ವಿಶೇಷವಾಗಿ ಸಂಬಂಧಿಸಿದವು. ಏಕೆಂದರೆ ಹೊರಗಿನಿಂದ ಬಂದುದನ್ನು ಹೊರಗೇ ತಡೆಯಬಹುದು.

ಎರಡು ಎಚ್ಚರಿಕೆಗಳು

ಗರ್ಭದಲ್ಲಿರುವ ಕೂಸು ಹೊರಗಿನ ಕೇಡುಗಳಿಂದ ಸುರಕ್ಷಿತವಾಗಿ ಇರುವುದೆಂದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವೈದ್ಯರೂ ನಂಬಿದ್ದರು. ಈ ನಂಬಿಕೆಗೆ ಮೊದಲನೆಯ ದೊಡ್ಡ ಪೆಟ್ಟು ಬಿದ್ದುದು ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ. ಅಲ್ಲಿ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯರು, ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆಯುಳ್ಳ ಕೂಸುಗಳು ಎಂದಿಗಿಂತ ಹೆಚ್ಚಾಗಿ ಬರುತ್ತಿರುವುದನ್ನು ಗಮನಿಸಿದರು. ತಾಯಂದಿರನ್ನು ವಿಚಾರಿಸಲಾಗಿ, ಅವರಲ್ಲಿ ಬಹು ಮಂದಿಗೆ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಎಂಬ ದಡಾರದಂತಹ ಕಾಯಿಲೆ ಬಂದಿದ್ದಿತು. 1940ರಲ್ಲಿ ಆ ದೇಶದಲ್ಲಿ ರುಬೆಲ್ಲಾ ವ್ಯಾಪಕವಾಗಿ ಹರಡಿದ್ದಿತು. 1941ರಲ್ಲಿ ಗ್ರೆಗ್ ತಮ್ಮ ವರದಿಯನ್ನು ಪ್ರಕಟಿಸಿದಾಗ ಅದರಲ್ಲಿದ್ದ 78 ಕೂಸುಗಳ ಪೈಕಿ 68ರ ತಾಯಂದಿರಿಗೆ ಈ ಕಾಯಿಲೆ ಬಂದುಹೋದ ವಿವರವಿದ್ದಿತು. ತಾಯಿಗೆ ನಾಲ್ಕು ದಿನದ ಜ್ವರ, ಮೈಮೇಲೆ ಒಂದಿಷ್ಟು ಗಂದೆ. ಕೂಸಿಗೆ ಜೀವಮಾನದ ಕುರುಡು, ಕಿವುಡು, ಹೃದಯದ ದೋಷ!

1962ರಲ್ಲಿ ಈ ಕಾಯಿಲೆಯ ವೈರಸ್ಸನ್ನು ಬೇರ್ಪಡಿಸಲಾಯಿತು. 1969ರಲ್ಲಿ ಲಸಿಕೆ ಬಳಕೆಗೆ ಬಂದಿತು. ಮಕ್ಕಳಿಗೆಲ್ಲ ಲಸಿಕೆ ಹಾಕಿದರೆ ರೋಗ ಹರಡುವುದು ನಿಲ್ಲುವುದು. ಹರಡುವುದು ನಿಂತರೆ ಬಸುರಿ ಹೆಂಗಸರಿಗೆ ಸೋಂಕು ತಗಲುವುದಿಲ್ಲ. ಅಮೆರಿಕ ಖಂಡಗಳಲ್ಲಿ ರುಬೆಲ್ಲಾ ನೆಲೆಯಾಗಿ ಹರಡುವುದು ನಿಂತಿದೆಯೆಂದು 2015ರಲ್ಲಿ ಸಾರಲಾಯಿತು. ನಮ್ಮ ದೇಶದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ 2017ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮೊದಲ ಹಂತಕ್ಕೆ ಆಯ್ಕೆಯಾದ ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಅನೇಕರ ತೋಳಿಗೆ ಅಂದು ಆ ಸೂಜಿ ತಾಗಿರಬಹುದು. ಆ ಲಸಿಕೆ ನಿಮ್ಮನ್ನು ಮಾತ್ರವಲ್ಲದೆ ಇನ್ನೂ ಹುಟ್ಟದ ಕೂಸುಗಳನ್ನೂ ಕಾಯುತ್ತಿದೆ.

ಎರಡನೆಯ ಎಚ್ಚರಿಕೆ ಇನ್ನೂ ಭಯಂಕರವಾದುದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಔಷಧ ಮಾರುಕಟ್ಟೆಗೆ ಬಂದಿತು. ಬಸುರಿನ ವಾಂತಿ ಓಕರಿಕೆಗಳಿಗೂ ಅದನ್ನು ಬಳಸುತ್ತಿದ್ದರು. ಕೆಲವೇ ವರ್ಷಗಳಲ್ಲಿ, ತೋಳು ಕಾಲುಗಳು ಮೊಟಕಾದ ಕೂಸುಗಳು ಹುಟ್ಟತೊಡಗಿದವು. ಹ್ಯಾಂಬರ್ಗಿನ ವಿದುಕಿಂಡ್ ಲೆಂಟ್ಸ್ ಮತ್ತು ಸಿಡ್ನಿಯ ವಿಲಿಯಂ ಮ್ಯಾಕ್‌ಬ್ರೈಡ್ ಎಂಬ ವೈದ್ಯರು ಬೇರೆ ಬೇರೆಯಾಗಿ ಈ ಔಷಧದ ಮೇಲೆ ಸಂಶಯಪಟ್ಟರು. 1961ರ ನವೆಂಬರಿನಲ್ಲಿ ಜರ್ಮನಿಯ ಮಾರುಕಟ್ಟೆಯಿಂದ ಅದನ್ನು ಹಿಂದೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಪ್ರಪಂಚದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕೂಸುಗಳು ಅದಕ್ಕೆ ತುತ್ತಾಗಿದ್ದವು. ಅಮೆರಿಕದಲ್ಲಿ ಮಾತ್ರ, ಔಷಧ ನಿಯಂತ್ರಣ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆ ಸಾಕಷ್ಟು ಪುರಾವೆ ಇಲ್ಲವೆಂದು ಅದರ ಮಾರಾಟಕ್ಕೆ ಅನುಮತಿ ಕೊಡದಿದ್ದುದರಿಂದ ಆ ದೇಶ ಬಹುಮಟ್ಟಿಗೆ ಪಾರಾಯಿತು.

ಈ ದುರಂತದಿಂದ ಲೋಕ ಕಲಿತ ಪಾಠ ಯಾವುದು? ಹುಟ್ಟಿದ ಕೂಸುಗಳ ದೋಷಗಳನ್ನು ತಪ್ಪದೆ ಬರೆದಿಡುವ ಪದ್ಧತಿ ಇದ್ದಿದ್ದರೆ ಲೆಕ್ಕ ಏರುತ್ತಿರುವುದು ಮೊದಲೇ ಕಣ್ಣಿಗೆ ಬೀಳುತ್ತಿದ್ದಿತು. ಒಂದು ಆಸ್ಪತ್ರೆಯಲ್ಲಿ ವರ್ಷಕ್ಕೆ ಇಂತಹ ಒಂದೋ ಎರಡೋ ಕೂಸು ಹುಟ್ಟಿದರೆ ಅದು ದುರದೃಷ್ಟವೆಂದು ತೋರುವುದು. ನೂರು ಆಸ್ಪತ್ರೆಗಳ ಲೆಕ್ಕ ಒಂದೆಡೆ ಸೇರಿದಾಗ ಮಾತ್ರ ಅದು ಸುಳಿವೆಂದು ತಿಳಿಯುವುದು. ಆದುದರಿಂದಲೇ 1960ರ ಬಳಿಕ ಜನ್ಮದೋಷಗಳ ದಾಖಲೆ ಪುಸ್ತಕಗಳು ಹಲವು ದೇಶಗಳಲ್ಲಿ ಆರಂಭವಾದವು. ಅಮೆರಿಕದ ಅಟ್ಲಾಂಟಾ ನಗರದಲ್ಲಿ 1967ರಲ್ಲಿ ಇಂತಹ ದಾಖಲೆ ಮೊದಲಾಯಿತು. 1974ರಲ್ಲಿ ಹಲವು ದೇಶಗಳ ದಾಖಲೆಗಳನ್ನು ಜೋಡಿಸುವ ಅಂತರರಾಷ್ಟ್ರೀಯ ಸಂಸ್ಥೆಯೊಂದು ಏರ್ಪಟ್ಟಿತು.

ಇಪ್ಪತ್ತೆಂಟು ದಿನಗಳು

ಕೇಡನ್ನು ಕಂಡುಹಿಡಿದು ತಡೆದ ಕಥೆ ಹೀಗಾಯಿತು. ಇನ್ನು ಕೊರತೆಯೊಂದನ್ನು ಕಂಡುಹಿಡಿದು ತುಂಬಿದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಇದು ನರನಾಳದ ದೋಷಗಳ ಕಥೆ.

ಗರ್ಭಾಂಕುರವಾದ ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಉದ್ದಕ್ಕೂ ಜೀವಕೋಶಗಳ ತೆಳುವಾದ ಪಟ್ಟಿಯೊಂದು ಕಾಣಿಸಿಕೊಳ್ಳುವುದು. ಆ ಪಟ್ಟಿಯ ಎರಡು ಅಂಚುಗಳೂ ಮೇಲೆದ್ದು, ಬಾಳೆಯ ಎಲೆಯ ಸುರುಳಿಯಂತೆ ಒಂದನ್ನೊಂದು ಸೇರಿ, ನಾಳವಾಗಿ ಮುಚ್ಚಿಕೊಳ್ಳುವುವು. ಇದೇ ನರನಾಳ. ಇದರ ಮೇಲುತುದಿ ಬೆಳೆದು ಮಿದುಳಾಗುವುದು. ಉಳಿದ ಭಾಗ ಬೆನ್ನುಹುರಿಯಾಗುವುದು. ಮೇಲುತುದಿ ಸರಿಯಾಗಿ ಮುಚ್ಚದಿದ್ದರೆ ಮಿದುಳಿನ ಬಹುಭಾಗವೂ ತಲೆಬುರುಡೆಯೂ ಬೆಳೆಯುವುದಿಲ್ಲ. ಅನೆನ್ಸೆಫಲಿ ಎಂಬ ಈ ದೋಷವುಳ್ಳ ಕೂಸು ಬದುಕಿ ಉಳಿಯಲಾರದು. ಕೆಳಭಾಗ ಮುಚ್ಚದಿದ್ದರೆ ಬೆನ್ನೆಲುಬು ಸೀಳಿದಂತಿದ್ದು ನರಗಳು ಹೊರಚಾಚಿರುವುವು. ಇದು ಸ್ಪೈನಾ ಬೈಫಿಡಾ. ಇಂತಹ ಮಕ್ಕಳಲ್ಲಿ ಅನೇಕರಿಗೆ ಕಾಲುಗಳಲ್ಲಿ ಬಲವಿರುವುದಿಲ್ಲ, ಮಲಮೂತ್ರಗಳ ಮೇಲೆ ಹಿಡಿತವಿರುವುದಿಲ್ಲ, ಕೆಲವರ ತಲೆಯಲ್ಲಿ ನೀರು ತುಂಬುವುದು. ಶಸ್ತ್ರಚಿಕಿತ್ಸೆಯಿಂದಲೂ ತಕ್ಕ ಆರೈಕೆಯಿಂದಲೂ ಇವರು ಬೆಳೆದು, ಓದಿ, ದುಡಿದು ಬಾಳಬಲ್ಲರು. ಆದರೆ ಹಾನಿಗೊಂಡ ನರವನ್ನು ಹಿಂದಿನಂತೆ ಮಾಡುವ ಚಿಕಿತ್ಸೆ ಇಲ್ಲ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದಿದೆ. ನರನಾಳ ಪೂರ್ತಿಯಾಗಿ ಮುಚ್ಚುವುದು ಗರ್ಭಾಂಕುರವಾದ ಸುಮಾರು 28ನೆಯ ದಿನಕ್ಕೆ. ಅಂದರೆ, ಹೆಂಗಸಿಗೆ ಮುಟ್ಟು ತಪ್ಪಿ ಎರಡೇ ವಾರಗಳು ಕಳೆದಿರುವಾಗ. ಆ ವೇಳೆಗೆ ತಾನು ಬಸುರಿಯೆಂಬುದು ಅನೇಕ ಹೆಂಗಸರಿಗೆ ಖಚಿತವಾಗಿ ತಿಳಿದಿರುವುದಿಲ್ಲ. ತಿಳಿದವರೂ ಆಸ್ಪತ್ರೆಗೆ ಹೋಗಿರುವುದಿಲ್ಲ. ಆಕೆ ವೈದ್ಯರ ಮುಂದೆ ಬಂದು ಕುಳಿತುಕೊಳ್ಳುವ ಹೊತ್ತಿಗೆ ನಾಳ ಮುಚ್ಚಿರಬೇಕು, ಇಲ್ಲವೆ ಮುಚ್ಚದೆಯೇ ಉಳಿದುಹೋಗಿರಬೇಕು. ಎಷ್ಟೇ ನಿಪುಣನಾದ ವೈದ್ಯನಾದರೂ ತನ್ನ ಬಳಿಗೆ ಬಾರದ ರೋಗಿಗೆ, ಬರುವ ಮೊದಲೇ ಮುಗಿದುಹೋದ ಘಟನೆಗೆ ಮದ್ದು ಕೊಡಲಾರ. ಈ ದೋಷವನ್ನು ತಡೆಯುವುದು ಆಸ್ಪತ್ರೆಯ ಹೊರಗೆ ಆಗಬೇಕಾದ ಕೆಲಸವೆಂಬುದು ಇದರಿಂದಲೇ ಸ್ಪಷ್ಟವಾಗುವುದು.

ಎಲೆಯಿಂದ ಬಂದ ಹೆಸರು

ಈ ಕಥೆಯ ಮೊದಲನೆಯ ಅಧ್ಯಾಯ ನಡೆದುದು ನಮ್ಮ ದೇಶದಲ್ಲಿಯೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿಯ ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರಿಗೆ ಬಸುರಿನಲ್ಲಿ ತೀವ್ರವಾದ ರಕ್ತಹೀನತೆ ಬರುತ್ತಿದ್ದಿತು, ಅನೇಕರು ಸಾಯುತ್ತಿದ್ದರು. ಅವರ ಊಟವನ್ನು ಪರಿಶೀಲಿಸಿದ ವಿಲ್ಸ್ ಇದು ಆಹಾರದ ಯಾವುದೋ ಕೊರತೆಯಿಂದ ಬಂದುದೆಂದು ಊಹಿಸಿದರು. ಹುದುಗು ತರುವ ಯೀಸ್ಟಿನ ಸಾರವನ್ನು ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಅವರ ವರದಿ ಪ್ರಕಟವಾಯಿತು. ಆ ಸಾರದಲ್ಲಿ ಅಡಗಿದ್ದ ವಸ್ತು ಯಾವುದೆಂದು ತಿಳಿಯದುದರಿಂದ ಅದನ್ನು ಕೆಲಕಾಲ ವಿಲ್ಸರ ಹೆಸರಿನಿಂದಲೇ ಕರೆಯುತ್ತಿದ್ದರು.

1941ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ರಾಶಿ ರಾಶಿ ಪಾಲಕ್ ಸೊಪ್ಪಿನಿಂದ ಆಮ್ಲವೊಂದನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ವಿಲ್ಸರು ಹುಡುಕುತ್ತಿದ್ದುದು ಇದೇ ಬಗೆಯ ವಸ್ತುವೆಂದು ಮುಂದೆ ತಿಳಿದುಬಂದಿತು. 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಸಂಯೋಜಿಸಿದ ಲೆಡರ್ಲೆ ಸಂಸ್ಥೆಯ ತಂಡದ ಮುಖ್ಯಸ್ಥರು ಭಾರತೀಯರು; ಮದ್ರಾಸಿನಲ್ಲಿ ವೈದ್ಯವಿದ್ಯೆ ಕಲಿತು ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಯಲ್ಲಾಪ್ರಗಡ ಸುಬ್ಬರಾವ್. ಮುಂಬಯಿಯ ಗಿರಣಿಯ ಹೆಂಗಸರಿಂದ ಆರಂಭವಾದ ಪ್ರಶ್ನೆಗೆ ಕೊನೆಯ ಉತ್ತರವನ್ನು ಒದಗಿಸಿದ ತಂಡವನ್ನು ಭೀಮಾವರದಲ್ಲಿ ಹುಟ್ಟಿದವರೊಬ್ಬರು ನಡೆಸಿದುದು ಒಂದು ವಿಶೇಷ.

ಫೋಲಿಕ್ ಆಮ್ಲ ದೇಹದಲ್ಲಿ ಮಾಡುವ ಕೆಲಸವೇನು? ಜೀವಕೋಶ ಒಂದು ಎರಡಾಗಬೇಕಾದರೆ ಅದರೊಳಗಿನ ಡಿ.ಎನ್.ಎ. ಮೊದಲು ಎರಡಾಗಬೇಕು. ಡಿ.ಎನ್.ಎ.ಯ ತುಣುಕುಗಳನ್ನು ತಯಾರಿಸಲು ಫೋಲಿಕ್ ಆಮ್ಲದ ನೆರವು ಬೇಕು. ಕೋಶಗಳು ಎಲ್ಲಿ ವೇಗವಾಗಿ ಹೆಚ್ಚುತ್ತಿರುವುವೋ ಅಲ್ಲಿ ಇದರ ಬೇಡಿಕೆಯೂ ಹೆಚ್ಚು. ರಕ್ತ ತಯಾರಾಗುವ ಮೂಳೆಯ ಮಜ್ಜೆ ಅಂತಹ ಒಂದು ಸ್ಥಳ. ಬೆಳೆಯುತ್ತಿರುವ ಭ್ರೂಣ ಇನ್ನೊಂದು.

ಸಂಶಯದಿಂದ ಪ್ರಮಾಣಕ್ಕೆ

ಬ್ರಿಟನ್ನಿನಲ್ಲಿ ನರನಾಳದ ದೋಷಗಳು ಸಿರಿವಂತರಿಗಿಂತ ಬಡವರ ಮನೆಗಳಲ್ಲಿ ಹೆಚ್ಚೆಂಬುದು ಲೆಕ್ಕಗಳಿಂದ ಗೊತ್ತಿದ್ದಿತು. ಫೋಲಿಕ್ ಆಮ್ಲಕ್ಕೆ ವಿರುದ್ಧವಾಗಿ ವರ್ತಿಸುವ ಔಷಧಗಳು ಭ್ರೂಣಕ್ಕೆ ಕೇಡು ಮಾಡುವುವೆಂದೂ 1950ರ ದಶಕದಲ್ಲಿ ತಿಳಿದಿದ್ದಿತು. ಈ ಎರಡು ಸುಳಿವುಗಳ ನಡುವೆ ಲಿವರ್‌ಪೂಲಿನ ವೈದ್ಯರಾದ ಬ್ರಯನ್ ಹಿಬ್ಬಾರ್ಡ್ ಮತ್ತು ರಿಚರ್ಡ್ ಸ್ಮಿಥೆಲ್ಸ್ ಸಂಬಂಧವನ್ನು ಹುಡುಕಿದರು. ಊನವುಳ್ಳ ಕೂಸುಗಳನ್ನು ಹೆತ್ತ ತಾಯಂದಿರಲ್ಲಿ ಫೋಲಿಕ್ ಆಮ್ಲದ ಕೊರತೆ ಹೆಚ್ಚಾಗಿ ಕಂಡುಬರುವುದೆಂದು ಅವರು 1965ರಲ್ಲಿ ತಿಳಿಸಿದರು.

ಕೊರತೆಯೂ ದೋಷವೂ ಜೊತೆಯಾಗಿ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಆದುದರಿಂದ ಸ್ಮಿಥೆಲ್ಸ್ ಮುಂದಿನ ಹೆಜ್ಜೆ ಇಟ್ಟರು. ಒಮ್ಮೆ ಇಂತಹ ಕೂಸನ್ನು ಹೆತ್ತ ತಾಯಿಗೆ ಮತ್ತೊಮ್ಮೆ ಹಾಗೆಯೇ ಆಗುವ ಸಂಭವ ಇತರರಿಗಿಂತ ಹೆಚ್ಚು. ಅಂತಹ ತಾಯಂದಿರಿಗೆ ಮತ್ತೆ ಬಸುರಾಗುವ ಮೊದಲಿನಿಂದಲೇ ಫೋಲಿಕ್ ಆಮ್ಲವೂ ಸೇರಿದಂತೆ ಹಲವು ಜೀವಸತ್ತ್ವಗಳ ಗುಳಿಗೆಯನ್ನು ಕೊಡಲಾಯಿತು. 1980ರಲ್ಲಿ ಫಲ ಪ್ರಕಟವಾಯಿತು. ಗುಳಿಗೆಯನ್ನು ತೆಗೆದುಕೊಂಡವರ ಗುಂಪಿನಲ್ಲಿ 178ರಲ್ಲಿ 1, ತೆಗೆದುಕೊಳ್ಳದವರಲ್ಲಿ 260ರಲ್ಲಿ 13. ಶೇಕಡ ಲೆಕ್ಕದಲ್ಲಿ 0.6 ಮತ್ತು 5.0.

ಇಷ್ಟು ದೊಡ್ಡ ವ್ಯತ್ಯಾಸವನ್ನು ಕಂಡ ಮೇಲೆ ಇನ್ನೇನು ಬೇಕೆಂದು ನಿಮಗೆ ತೋರಬಹುದು. ಆದರೆ ಅಂದಿನ ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. ಅವರ ಆಕ್ಷೇಪಣೆಯನ್ನು ವಿದ್ಯಾರ್ಥಿಗಳು ಚೆನ್ನಾಗಿ ಅರಿತುಕೊಳ್ಳಬೇಕು. ಗುಳಿಗೆಯನ್ನು ತೆಗೆದುಕೊಂಡವರು ಮೊದಲೇ ವೈದ್ಯರ ಬಳಿಗೆ ಬಂದವರು. ತೆಗೆದುಕೊಳ್ಳದವರಲ್ಲಿ ಬಹು ಮಂದಿ ಬಸುರಾದ ಮೇಲೆ ಬಂದವರು. ಮೊದಲಿನವರು ಹೆಚ್ಚು ಓದಿದವರೂ, ಚೆನ್ನಾಗಿ ಉಣ್ಣುವವರೂ, ಆರೋಗ್ಯದ ವಿಷಯದಲ್ಲಿ ಎಚ್ಚರವುಳ್ಳವರೂ ಆಗಿರಬಹುದು. ಹಾಗಿದ್ದಲ್ಲಿ ಅವರ ಕೂಸುಗಳು ಗುಳಿಗೆ ಇಲ್ಲದಿದ್ದರೂ ಸರಿಯಾಗಿಯೇ ಹುಟ್ಟುತ್ತಿದ್ದುವೋ ಏನೋ! ಎರಡು ಗದ್ದೆಗಳಲ್ಲಿ ಒಂದಕ್ಕೆ ಮಾತ್ರ ಹೊಸ ಗೊಬ್ಬರ ಹಾಕಿ, ಅಲ್ಲಿ ಪೈರು ಹುಲುಸಾಗಿ ಬಂದರೆ, ಅದು ಗೊಬ್ಬರದ ಫಲವೋ ಆ ಗದ್ದೆಯ ಮಣ್ಣೇ ಮೊದಲಿನಿಂದ ಒಳ್ಳೆಯದೋ ಎಂದು ಕೇಳಬೇಕಲ್ಲವೆ? ಸ್ಮಿಥೆಲ್ಸರೇ ಮೊದಲು ಒಂದು ಗುಂಪಿಗೆ ನಿಜವಾದ ಗುಳಿಗೆ, ಮತ್ತೊಂದಕ್ಕೆ ಹುಸಿಗುಳಿಗೆ ಕೊಟ್ಟು ನೋಡಬೇಕೆಂದು ಯೋಚಿಸಿದ್ದರು. ಹುಸಿಗುಳಿಗೆ ಕೊಡುವುದು ನ್ಯಾಯವಲ್ಲವೆಂದು ಆಸ್ಪತ್ರೆಗಳ ನೀತಿಸಮಿತಿಗಳು ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಒಪ್ಪದಿದ್ದುದರಿಂದ ಪ್ರಮಾಣ ಗಟ್ಟಿಯಾಗಲಿಲ್ಲ. ಪ್ರಮಾಣ ಗಟ್ಟಿಯಾಗದುದರಿಂದ ಗುಳಿಗೆ ಎಲ್ಲರಿಗೂ ದೊರೆಯಲಿಲ್ಲ. ದಯೆಯಿಂದ ಮಾಡಿದ ತೀರ್ಮಾನವೂ ಒಮ್ಮೊಮ್ಮೆ ನಷ್ಟವನ್ನು ತರುವುದೆಂಬುದಕ್ಕೆ ಇದೊಂದು ನಿದರ್ಶನ.

ಕೊನೆಗೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿ 1983ರಲ್ಲಿ ದೊಡ್ಡ ಪರೀಕ್ಷೆಯೊಂದನ್ನು ಆರಂಭಿಸಿತು. ಏಳು ದೇಶಗಳ 33 ಕೇಂದ್ರಗಳಲ್ಲಿ, ಮೊದಲೊಮ್ಮೆ ಇಂತಹ ಬಸುರನ್ನು ಕಂಡಿದ್ದ 1,817 ಹೆಂಗಸರು ಇದರಲ್ಲಿ ಸೇರಿದರು. ಚೀಟಿ ಎತ್ತಿದಂತೆ ಅವರನ್ನು ನಾಲ್ಕು ಗುಂಪುಗಳಾಗಿ ಹಂಚಲಾಯಿತು. ಮೊದಲನೆಯ ಗುಂಪಿಗೆ ಫೋಲಿಕ್ ಆಮ್ಲ, ಎರಡನೆಯದಕ್ಕೆ ಇತರ ಜೀವಸತ್ತ್ವಗಳು, ಮೂರನೆಯದಕ್ಕೆ ಇವೆರಡೂ, ನಾಲ್ಕನೆಯದಕ್ಕೆ ಇವೆರಡೂ ಇಲ್ಲದ ಗುಳಿಗೆ. ಯಾರಿಗೆ ಯಾವುದು ಸಿಕ್ಕಿದೆಯೆಂಬುದು ಹೆಂಗಸರಿಗೂ ತಿಳಿಯದು, ಅವರನ್ನು ನೋಡಿಕೊಳ್ಳುವ ವೈದ್ಯರಿಗೂ ತಿಳಿಯದು. ಹೀಗೆ ಹಂಚಿದಾಗ ಬಡವರು, ಸಿರಿವಂತರು, ಎಚ್ಚರವುಳ್ಳವರು, ಇಲ್ಲದವರು ನಾಲ್ಕೂ ಗುಂಪುಗಳಲ್ಲಿ ಹೆಚ್ಚುಕಡಮೆ ಸಮವಾಗಿ ಬೀಳುವರು. ಆಗ ಉಳಿಯುವ ವ್ಯತ್ಯಾಸ ಗುಳಿಗೆಯೊಂದೇ.

1991ರಲ್ಲಿ, ಗೊತ್ತುಮಾಡಿದ್ದ ಕಾಲಕ್ಕಿಂತ ಮೊದಲೇ, ಈ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಉತ್ತರ ಅಷ್ಟು ಸ್ಪಷ್ಟವಾಗಿದ್ದಿತು. ನರನಾಳದ ದೋಷ ಕಂಡುಬಂದ 27 ಪ್ರಸಂಗಗಳಲ್ಲಿ 6 ಮಾತ್ರ ಫೋಲಿಕ್ ಆಮ್ಲ ಪಡೆದ ಎರಡು ಗುಂಪುಗಳಲ್ಲಿಯೂ, 21 ಪಡೆಯದ ಎರಡು ಗುಂಪುಗಳಲ್ಲಿಯೂ ಇದ್ದವು. ನಾಲ್ಕರಲ್ಲಿ ಸುಮಾರು ಮೂರು ದೋಷಗಳನ್ನು ಫೋಲಿಕ್ ಆಮ್ಲ ತಡೆದಿದ್ದಿತು. ಇತರ ಜೀವಸತ್ತ್ವಗಳಿಂದ ಅಂತಹ ರಕ್ಷಣೆ ಕಾಣಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯೂ ಆಗ ಇಂತಹ ಪರೀಕ್ಷೆಯನ್ನು ನಡೆಸುತ್ತಿದ್ದಿತು. ಬ್ರಿಟನ್ನಿನ ಫಲ ತಿಳಿದೊಡನೆ ಅದನ್ನೂ ನಿಲ್ಲಿಸಲಾಯಿತು. ಏಕೆಂದರೆ ಗುಣ ಗೊತ್ತಾದ ಮೇಲೆ ಯಾರಿಗೂ ಹುಸಿಗುಳಿಗೆ ಕೊಡುವುದು ಧರ್ಮವಲ್ಲ.

ಇನ್ನೊಂದು ಪ್ರಶ್ನೆ ಉಳಿದಿದ್ದಿತು. ನರನಾಳದ ದೋಷವುಳ್ಳ ಕೂಸುಗಳಲ್ಲಿ ಬಹುಪಾಲು, ಹಿಂದೆ ಅಂತಹ ಅನುಭವವೇ ಇಲ್ಲದ ತಾಯಂದಿರಿಗೆ ಹುಟ್ಟುವುವು. ಅವರಿಗೂ ಇದು ಸಹಾಯಕವೆ? 1992ರಲ್ಲಿ ಹಂಗೇರಿಯ ಆಂಡ್ರ್ಯೂ ಟ್ಸೈಟ್ಸೆಲ್ ಎಂಬ ವೈದ್ಯರು ಉತ್ತರ ಕೊಟ್ಟರು. ಫೋಲಿಕ್ ಆಮ್ಲವಿದ್ದ ಜೀವಸತ್ತ್ವಗಳನ್ನು ತೆಗೆದುಕೊಂಡವರ 2,104 ಬಸುರುಗಳಲ್ಲಿ ಒಂದು ದೋಷವೂ ಇರಲಿಲ್ಲ. ಇನ್ನೊಂದು ಗುಂಪಿನ 2,052ರಲ್ಲಿ 6 ಇದ್ದವು.

ಗುಳಿಗೆಯಿಂದ ಹಿಟ್ಟಿಗೆ

ಪ್ರಮಾಣ ದೊರೆತಲ್ಲಿಗೆ ಸಂಶೋಧನೆ ಮುಗಿಯುವುದಿಲ್ಲ. ಅದನ್ನು ಜನರಿಗೆ ಮುಟ್ಟಿಸುವುದು ಹೇಗೆಂಬುದೂ ಸಂಶೋಧನೆಯ ವಿಷಯವೇ. 1992ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ, ಬಸುರಾಗಬಲ್ಲ ವಯಸ್ಸಿನ ಹೆಂಗಸರೆಲ್ಲರೂ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಸೇವಿಸಬೇಕೆಂದು ಸಲಹೆ ಮಾಡಿತು. ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ಮೈಕ್ರೋಗ್ರಾಂ ಎಂದು ಹೆಸರು. ಹೀಗಾಗಿ ಒಂದೇ ಗ್ರಾಂ ಫೋಲಿಕ್ ಆಮ್ಲ ಒಬ್ಬಳಿಗೆ ಆರು ವರ್ಷಗಳಿಗೂ ಮಿಕ್ಕಿ ಸಾಲುವುದು!

ಚೀನಾ ದೇಶದಲ್ಲಿ 1993ರಿಂದ 1995ರ ವರೆಗೆ ಮದುವೆಗೆ ಮುಂಚಿನ ವೈದ್ಯಪರೀಕ್ಷೆಗೆ ಬಂದ ಹೆಂಗಸರಿಗೆ ಇಷ್ಟೇ ಪ್ರಮಾಣದ ಗುಳಿಗೆಯನ್ನು ಕೊಟ್ಟು, 2,47,831 ಹೆಂಗಸರ ಬಸುರಿನ ಫಲವನ್ನು ಬರೆದಿಡಲಾಯಿತು. ದೋಷ ಹೆಚ್ಚಾಗಿದ್ದ ಉತ್ತರ ಭಾಗದಲ್ಲಿ, ಗುಳಿಗೆ ಇಲ್ಲದವರಲ್ಲಿ ಸಾವಿರಕ್ಕೆ 4.8ರಷ್ಟಿದ್ದುದು ಸರಿಯಾದ ಕಾಲದಲ್ಲಿ ಗುಳಿಗೆ ತೆಗೆದುಕೊಂಡವರಲ್ಲಿ 1.0ಕ್ಕೆ ಇಳಿಯಿತು. ದೋಷ ಮೊದಲೇ ಕಡಮೆಯಿದ್ದ ದಕ್ಷಿಣದಲ್ಲಿ 1.0ರಿಂದ 0.6ಕ್ಕೆ ಇಳಿಯಿತು. ಕೊರತೆ ಎಲ್ಲಿ ಹೆಚ್ಚೋ ಅಲ್ಲಿ ಲಾಭವೂ ಹೆಚ್ಚೆಂಬುದು ಇದರಿಂದ ಸಿದ್ಧವಾಯಿತು.

ಆದರೆ ಬಸುರಾಗುವ ಮೊದಲೇ ಗುಳಿಗೆ ನುಂಗಬೇಕೆಂದರೆ ಎಷ್ಟು ಜನ ನುಂಗಿಯಾರು? ಅನೇಕ ಬಸುರುಗಳು ಮೊದಲೇ ಯೋಚಿಸಿ ಆದುವಲ್ಲ. ಈ ತೊಡಕನ್ನು ಬಿಡಿಸಲು, ಎಲ್ಲರೂ ದಿನವೂ ಉಣ್ಣುವ ಧಾನ್ಯದ ಹಿಟ್ಟಿನಲ್ಲಿಯೇ ಫೋಲಿಕ್ ಆಮ್ಲವನ್ನು ಬೆರೆಸುವ ಉಪಾಯವನ್ನು ಹೂಡಿದರು. ಉಪ್ಪಿಗೆ ಅಯೋಡಿನ್ ಬೆರೆಸಿ ಗಳಗಂಡವನ್ನು ತಡೆದ ಉಪಾಯದಂತೆಯೇ ಇದೂ. ಅಮೆರಿಕದಲ್ಲಿ 1998ರ ಜನವರಿಯಿಂದ ಪುಷ್ಟೀಕರಿಸಿದ ಧಾನ್ಯದ 100 ಗ್ರಾಮಿಗೆ 140 ಮೈಕ್ರೋಗ್ರಾಂ ಬೆರೆಸುವುದು ಕಡ್ಡಾಯವಾಯಿತು. ಇದರಿಂದ ವರ್ಷಕ್ಕೆ ಸುಮಾರು 1,300 ಕೂಸುಗಳು ನರನಾಳದ ದೋಷದಿಂದ ಪಾರಾಗುತ್ತಿವೆಯೆಂದು ಅಲ್ಲಿಯವರು ಅಂದಾಜು ಮಾಡಿದರು. ಕೆನಡಾದ ಏಳು ಪ್ರಾಂತಗಳಲ್ಲಿ ಸಾವಿರಕ್ಕೆ 1.58ರಷ್ಟಿದ್ದ ದೋಷ 0.86ಕ್ಕೆ ಇಳಿಯಿತೆಂದು 2007ರಲ್ಲಿ ಪ್ರಕಟವಾಯಿತು. ಈ ವಿದ್ಯೆಯ ಮುಖ್ಯ ಪ್ರಮಾಣವನ್ನು ಲೋಕಕ್ಕೆ ಕೊಟ್ಟ ಬ್ರಿಟನ್ ಮಾತ್ರ ತನ್ನ ಹಿಟ್ಟಿಗೆ ಇದನ್ನು ಬೆರೆಸುವ ನಿರ್ಧಾರವನ್ನು ಸಾರಿದುದು 2021ರಲ್ಲಿ, ಮೂವತ್ತು ವರ್ಷಗಳ ಬಳಿಕ! ತಿಳಿವಿಗೂ ಕಾರ್ಯಕ್ಕೂ ನಡುವೆ ಇಷ್ಟು ದೂರವಿರಬಹುದೆಂಬುದನ್ನು ನೆನಪಿನಲ್ಲಿಡಬೇಕು.

ನಮ್ಮ ದೇಶದಲ್ಲಿ

ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ, 2013ರಲ್ಲಿ ಪ್ರಕಟವಾದ ಲೆಕ್ಕವೊಂದರಲ್ಲಿ ನರನಾಳದ ದೋಷ ಸಾವಿರ ಜನನಗಳಿಗೆ ನಾಲ್ಕರ ಆಸುಪಾಸಿನಲ್ಲಿರುವುದು ಕಂಡುಬಂದಿತು. ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸಿದ ಹಲವು ದೇಶಗಳಲ್ಲಿ ಇದು ಒಂದಕ್ಕಿಂತ ಕಡಮೆ. ಅದೇ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳನ್ನು ತಪಾಸಣೆ ಮಾಡಬೇಕಾದ ಜನ್ಮದೋಷಗಳ ಪಟ್ಟಿಯಲ್ಲಿ ನರನಾಳದ ದೋಷಕ್ಕೆ ಮೊದಲನೆಯ ಸ್ಥಾನವಿದೆ. ಇದು ಹುಟ್ಟಿದ ಮೇಲಿನ ಮಾತು. ಹುಟ್ಟುವ ಮೊದಲಿನದೇನು?

ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಗಳನ್ನು ಕೊಡುವ ಏರ್ಪಾಡು ನಮ್ಮಲ್ಲಿ ಬಹುಕಾಲದಿಂದ ಉಂಟು. ಅದು ತಾಯಿಯ ರಕ್ತಹೀನತೆಗೆ ಒಳ್ಳೆಯ ಮದ್ದು. ಆದರೆ ಆಕೆಯ ಹೆಸರು ದಾಖಲಾಗಿ ಗುಳಿಗೆ ಕೈಗೆ ಬರುವ ವೇಳೆಗೆ 28 ದಿನಗಳು ಸಾಮಾನ್ಯವಾಗಿ ಕಳೆದುಹೋಗಿರುವುವು. ಶಾಲೆಗಳಲ್ಲಿ ಹದಿಹರೆಯದವರಿಗೆ ವಾರಕ್ಕೊಂದರಂತೆ ನೀಲಿ ಬಣ್ಣದ ಗುಳಿಗೆಯನ್ನು 2018ರ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಗೊತ್ತುಮಾಡಲಾಯಿತು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಉಂಟು. ರಕ್ತಹೀನತೆಯನ್ನು ತಡೆಯುವುದೇ ಅದರ ಉದ್ದೇಶ. ದಿನಕ್ಕೆ 400 ಬೇಕಾದಲ್ಲಿ ವಾರಕ್ಕೆ 500 ಎಂಬ ಭೇದವನ್ನು ಮರೆಯಬಾರದು.

ಧಾನ್ಯದಲ್ಲಿ ಬೆರೆಸುವ ವಿಷಯದಲ್ಲಿಯೂ ಅಳತೆ ಮುಖ್ಯ. ಪುಷ್ಟೀಕರಿಸಿದ ಅಕ್ಕಿ, ಗೋಧಿಹಿಟ್ಟುಗಳಿಗೆ ನಮ್ಮ 2018ರ ನಿಯಮಗಳು ಗೊತ್ತುಮಾಡಿದ ಪ್ರಮಾಣ ಒಂದು ಕಿಲೋಗ್ರಾಮಿಗೆ 75ರಿಂದ 125 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುವವಳಿಗೆ ಇದರಿಂದ ದೊರೆಯುವುದು ಸುಮಾರು 22ರಿಂದ 38 ಮೈಕ್ರೋಗ್ರಾಂ. ಅಮೆರಿಕದ ಹಿಟ್ಟಿನಲ್ಲಿರುವುದು ಇದರ ಹತ್ತು ಪಟ್ಟಿಗೂ ಮಿಗಿಲು. ಹೆಸರು ಒಂದೇ ಆದರೂ ಅಳತೆ ಬೇರೆಯಾದರೆ ಫಲವೂ ಬೇರೆಯಾಗುವುದು. ನಮ್ಮ ಜನರಿಗೆ ತಕ್ಕ ಪ್ರಮಾಣ ಯಾವುದು, ಅದನ್ನು ಯಾವ ಆಹಾರದಲ್ಲಿ ಬೆರೆಸಬೇಕು ಎಂಬುದನ್ನು ನಮ್ಮವರೇ ಸಂಶೋಧನೆಯಿಂದ ನಿರ್ಣಯಿಸಬೇಕು. ಅದರಲ್ಲಿಯೂ ಸಸ್ಯಾಹಾರಿಗಳು ಹೆಚ್ಚಾಗಿರುವ ನಾಡಿನಲ್ಲಿ ಬಿ12 ಜೀವಸತ್ತ್ವದ ಕೊರತೆ ಸಾಮಾನ್ಯ. ಫೋಲಿಕ್ ಆಮ್ಲವೊಂದನ್ನೇ ಹೆಚ್ಚಾಗಿ ಕೊಟ್ಟರೆ ಬಿ12 ಕೊರತೆಯಿಂದ ಬಂದ ರಕ್ತಹೀನತೆ ಮರೆಯಾಗಿ, ನರಗಳಿಗಾಗುವ ಹಾನಿ ಮಾತ್ರ ಒಳಗೇ ಮುಂದುವರಿಯಬಹುದು. ಆದಕಾರಣ ಎರಡನ್ನೂ ಜೊತೆಯಾಗಿ ಯೋಚಿಸಬೇಕು.

ಆಹಾರದಲ್ಲಿ ಈ ವಸ್ತು ಇಲ್ಲವೆ ಎಂದರೆ, ಇದೆ. ಸೊಪ್ಪುಗಳು, ಹೆಸರು, ಕಡಲೆ, ಅಲಸಂದೆ ಮೊದಲಾದ ಕಾಳುಗಳು ಇದಕ್ಕೆ ಒಳ್ಳೆಯ ಮೂಲಗಳು. ಆದರೆ ಹೆಚ್ಚು ಹೊತ್ತು ಬೇಯಿಸಿದರೆ ಇದರ ಬಹುಭಾಗ ನಾಶವಾಗುವುದು. ಸ್ವಲ್ಪ ಭಾಗ ಬೇಯಿಸಿದ ನೀರಿಗೆ ಇಳಿಯುವುದು. ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಹಳ್ಳಿಯ ಕ್ರಮ ಈ ದೃಷ್ಟಿಯಿಂದ ಮೆಚ್ಚತಕ್ಕದ್ದು. ಹಾಗಿದ್ದರೂ ದಿನವೂ 400 ಮೈಕ್ರೋಗ್ರಾಮಿನಷ್ಟು ಹೆಚ್ಚಿನ ಫೋಲಿಕ್ ಆಮ್ಲವನ್ನು ಊಟವೊಂದರಿಂದಲೇ ಪಡೆಯುವುದು ಕಷ್ಟ. ಮದುವೆಯಾಗಿ ಮಕ್ಕಳನ್ನು ಬಯಸುವವರು ವೈದ್ಯರನ್ನು ಮೊದಲೇ ಕಂಡು ಗುಳಿಗೆಯನ್ನು ಆರಂಭಿಸುವುದು ಒಳ್ಳೆಯದು. ಹಿಂದೆ ಇಂತಹ ಕೂಸು ಹುಟ್ಟಿದವರಿಗೂ, ಮಧುಮೇಹವುಳ್ಳವರಿಗೂ, ಅಪಸ್ಮಾರಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರಿಗೂ ಪ್ರಮಾಣ ಬೇರೆಯಾಗಬಹುದಾದುದರಿಂದ ಅವರು ವೈದ್ಯರ ಮಾತಿನಂತೆಯೇ ನಡೆಯಬೇಕು.

ತಾಯಿಯ ಮೇಲೆ ಹೊರೆಯಲ್ಲ

ಕೊನೆಯದಾಗಿ ಒಂದು ಎಚ್ಚರಿಕೆ. ಫೋಲಿಕ್ ಆಮ್ಲ ನರನಾಳದ ದೋಷಗಳನ್ನೆಲ್ಲ ತಡೆಯಲಾರದು. ಗುಳಿಗೆಯನ್ನು ಕ್ರಮವಾಗಿ ತೆಗೆದುಕೊಂಡ ತಾಯಂದಿರಲ್ಲಿಯೂ ಕೆಲವರಿಗೆ ಅಂತಹ ಕೂಸು ಹುಟ್ಟುವುದುಂಟು. ಇತರ ಜನ್ಮದೋಷಗಳಲ್ಲಿ ಬಹಳಷ್ಟಕ್ಕೆ ಕಾರಣವೇ ಇನ್ನೂ ತಿಳಿದಿಲ್ಲ. ಹೀಗಿರುವಲ್ಲಿ “ನೀನು ಗ್ರಹಣದಲ್ಲಿ ಹೊರಗೆ ಬಂದೆ” ಎಂಬ ಹಳೆಯ ಆಪಾದನೆಯ ಸ್ಥಾನದಲ್ಲಿ “ನೀನು ಗುಳಿಗೆ ನುಂಗಲಿಲ್ಲ” ಎಂಬ ಹೊಸ ಆಪಾದನೆಯನ್ನು ತಂದಿಟ್ಟರೆ ವಿಜ್ಞಾನಕ್ಕೆ ಅಪಚಾರ ಮಾಡಿದಂತಾಗುವುದು. ಸಂಶೋಧನೆ ತೋರಿಸಿಕೊಟ್ಟುದು ತದ್ವಿರುದ್ಧವಾದ ಮಾತನ್ನು. ಬಸುರೆಂದು ತಿಳಿಯುವ ಮೊದಲೇ ಮುಗಿದುಹೋಗುವ 28 ದಿನಗಳ ಹೊಣೆಯನ್ನು ಒಬ್ಬ ಹೆಂಗಸು ತಾನೊಬ್ಬಳೇ ಹೊರಲಾರಳು. ಅದು ಲೆಕ್ಕ ಬರೆಯುವ ದಾದಿಯ, ಪ್ರಶ್ನೆ ಕೇಳುವ ವಿಜ್ಞಾನಿಯ, ನಿಯಮ ಮಾಡುವ ಸರ್ಕಾರದ, ಹಿಟ್ಟು ಬೀಸುವ ಗಿರಣಿಯ ಕೂಡ ಹೊಣೆ.

ಗ್ರಹಣದ ದಿನ ಬಾಗಿಲು ಮುಚ್ಚುವ ಮನೆಯವರಿಗೆ ಒಳಗಿರುವ ಹೆಂಗಸಿನ ಮೇಲೂ ಹುಟ್ಟಲಿರುವ ಕೂಸಿನ ಮೇಲೂ ಇರುವ ಕಾಳಜಿ ನಿಜವಾದುದೇ. ಆ ಕಾಳಜಿ ಕೆಲವು ತಿಂಗಳು ಮೊದಲೇ ಎಚ್ಚೆತ್ತು, ಒಂದು ಲಸಿಕೆಯ, ಒಂದು ಗುಳಿಗೆಯ, ಒಂದು ಹಿಡಿ ಸೊಪ್ಪಿನ ರೂಪವನ್ನು ತಾಳಿದರೆ ಸಾಕು. ಈ ಮಾತನ್ನು ಮನೆಯಲ್ಲಿ ಹಿರಿಯರಿಗೆ ಹಾಸ್ಯ ಮಾಡದೆ ತಿಳಿಸಿಹೇಳುವ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು.